ಹಗ್ಗದ ಆ ತುದಿ

ಸುತ್ತೂರು ಜಾತ್ರೆಗೆ ಹೋದವರೆಲ್ಲ ಒಂದು ವಿಚಿತ್ರವನ್ನು ನೋಡಿಯೂ ನೋಡದ ಹಾಗೆ ವಾಪಸ್ ಬರ್ತಾರೆ. ಕಪಿಲಾ ನದಿ ದಂಡೆಯ ಆ ಊರಲ್ಲಿ ಆದಿಜಗದ್ಗುರು ಶಿವರಾತ್ರಿ ಶಿವಯೋಗಿಗಳ ಹೆಸರಿನಲ್ಲಿ ವರ್ಷಕ್ಕೊಮ್ಮೆ, ಚಳಿ ಇನ್ನೂ ಪೂರ್ತಿ ಬಿಡದ ಜನವರಿ-ಫೆಬ್ರವರಿ ಹೊತ್ತಿಗೆ, ಆರು ದಿನದ ಜಾತ್ರೆ. ಒಂದು ಕಡೆ ಕೃಷಿ ಮೇಳ. ಕಳೆ ತೆಗೆಯೋ ಯಂತ್ರ, ನಾಟಿ ಯಂತ್ರ, ಕೊಯ್ಲು ಯಂತ್ರ. ಅಲ್ಲಿ ಯಾರ ಬಾಯಲ್ಲಿ ಕೇಳಿದರೂ ಒಂದೇ ಮಾತು: ಆಳು ಸಿಗಲ್ಲ, ಸೊಂಟ ನಿಲ್ಲಲ್ಲ, ಮೈ ದಣಿವು ಕಡಿಮೆ ಆಗ್ಬೇಕು. ಅದೇ ಮನುಷ್ಯ ಅಲ್ಲಿಂದ ಎದ್ದು ಬಂದು ತೇರಿನ ಹಗ್ಗಕ್ಕೆ ಕೈ ಹಾಕ್ತಾನೆ. ಅಂಗೈ ಉರಿಯುವ ತನಕ ಎಳೀತಾನೆ. ತೇರಿಗೊಂದು ಟ್ರ್ಯಾಕ್ಟರ್ ಕಟ್ಟಿದರೆ ಹತ್ತು ನಿಮಿಷದ ಕೆಲಸ ಕಣ್ರಪ್ಪಾ ಅಂತ ಯಾರಾದರೂ ಅಂದರೆ ಅವನೇ ಮೊದಲು ಮುಖ ಸಿಂಡರಿಸ್ತಾನೆ.

ಇದರಲ್ಲಿ ಅವನಿಗೆ ವಿರೋಧ ಕಾಣೋದಿಲ್ಲ. ನನಗೂ ಕಾಣೋದಿಲ್ಲ. ಆದರೆ ಯಾಕೆ ಕಾಣೋದಿಲ್ಲ ಅಂತ ಹೇಳೋಕೆ ಹೊರಟರೆ ನಾಲಿಗೆ ತೊದಲುತ್ತೆ. ಒಂದು ದುಡಿಮೆ, ಇನ್ನೊಂದು ಭಕ್ತಿ ಅಂದುಬಿಟ್ಟರೆ ಸುಲಭ. ಆದರೆ ನಮ್ಮಜ್ಜಿ ದೇವರ ಅಭಿಷೇಕಕ್ಕೂ ಬಾವಿಯಿಂದಲೇ ನೀರು ಸೇದುತ್ತಿದ್ದಳು, ಮುಸುರೆ ತೊಳೆಯೋಕೂ ಅದೇ ಬಾವಿಯಿಂದಲೇ. ಕೊಡ ಎರಡಕ್ಕೂ ಒಂದೇ ತೂಕ. ಅಂಗೈ ಮೇಲಿನ ಗಂಟುಗಳಿಗೆ ಯಾವುದು ಭಕ್ತಿಯದ್ದು, ಯಾವುದು ಸಂಸಾರದ್ದು ಅಂತ ಗುರುತು ಇರಲಿಲ್ಲ. ಮನೆ ಹಿತ್ತಲಿಗೆ ನಲ್ಲಿ ಬಂದ ದಿನ ಅವಳು ಬಾವಿ ಕಡೆ ತಿರುಗಿಯೂ ನೋಡಲಿಲ್ಲ. ಶ್ರಮದ ಮಹಿಮೆ ಹಾಡೋರಲ್ಲಿ ಹಗ್ಗ ಹಿಡಿದವರು ಕಮ್ಮಿ, ಇದನ್ನು ಮೊದಲೇ ಹೇಳಿಬಿಟ್ಟು ಮುಂದೆ ಹೋಗ್ತೀನಿ. ಊರ ಬಾವಿಯ ಹಗ್ಗ ಮುಟ್ಟೋಕೆ ಬಿಡದೆ ಕೆಲವರನ್ನು ದೂರ ನಿಲ್ಲಿಸಿದ ಊರುಗಳಿದ್ದವು. ತೇರಿನ ಹಗ್ಗದ ವಿಷಯದಲ್ಲಿ ಆ ಜಗಳ ಇನ್ನೂ ಮುಗಿಯದ ಊರುಗಳಿವೆ. ಎಳೆಯೋದು ಒಬ್ಬರಿಗೆ ಬವಣೆ, ಇನ್ನೊಬ್ಬರಿಗೆ ಕೇಳಿ ಪಡೆಯಬೇಕಾದ ಹಕ್ಕು. ಎರಡನ್ನೂ ‘ಶ್ರಮ’ ಅನ್ನೋ ಒಂದೇ ಚೀಲಕ್ಕೆ ತುಂಬಿದರೆ ಮಾತು ಮುಂದೆ ಹೋಗೋದಿಲ್ಲ.

ನನ್ನ ಯೋಚನೆಗೆ ದಾರಿ ಸಿಕ್ಕಿದ್ದು ಸಮುದ್ರದ ಕಡೆಯಿಂದ. ನನ್ನ ತಂಗಿ ಮಗ ಸಿಡ್ನಿಯಲ್ಲಿದ್ದಾನೆ. ರಜಾ ದಿನಗಳಲ್ಲಿ ಅಲ್ಲಿನ ಹಿರಿಯರೊಬ್ಬರ ಹಾಯಿದೋಣಿಯಲ್ಲಿ ಸಂಬಳವಿಲ್ಲದ ಆಳು. “ಮಾವ, ಹಾಯಿದೋಣಿ ಅಂದ್ರೆ ಗಾಳಿ ಕೆಲಸ ಮಾಡುತ್ತೆ, ನಾವು ಕಾಲು ಚಾಚಿ ಕೂತಿರ್ತೀವಿ ಅನ್ಕೊಂಡಿದ್ದೀರಾ?” ಅಂತ ಒಂದು ಸಲ ನಕ್ಕ. ಗಾಳಿಯ ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತೆ. ಆ ಹಾಯಿಯನ್ನು ಹಿಡಿದು ನಿಲ್ಲಿಸಿರೋದು ಒಂದು ಹಗ್ಗ. ಬರೀ ಕೈಯಲ್ಲಿ ಅದನ್ನು ಎಳೆಯೋಕಾಗಲ್ಲ, ಅದಕ್ಕೇ ವಿಂಚ್. ನಿಂತ ಒಂದು ಉರುಳೆ, ಅದಕ್ಕೆ ಹಗ್ಗದ ಮೂರು ನಾಲ್ಕು ಸುತ್ತು, ತಲೆಯ ಮೇಲೆ ತಿರುಗಿಸೋಕೆ ಹಿಡಿಕೆ, ಒಳಗೆ ಹಲ್ಲುಚಕ್ರ. 40ನೇ ನಂಬರಿನ ವಿಂಚ್ ಅಂದರೆ ಹಿಡಿಕೆಗೆ ಹಾಕಿದ ಬಲ ಲೆಕ್ಕದ ಪ್ರಕಾರ ಸುಮಾರು 40 ಪಟ್ಟು. ಪುಕ್ಕಟೆ ಏನಲ್ಲ, ಹಗ್ಗ ಒಂದು ಅಡಿ ಬರೋಕೆ ಕೈ 40 ಅಡಿ ಸುತ್ತಬೇಕು.

ಆ ಹಿರಿಯರಿಗೆ ಎಪ್ಪತ್ತು ದಾಟಿ, ಭುಜ ನೋವು ಶುರುವಾದಾಗ, ಇನ್ನೂ ದೊಡ್ಡ ವಿಂಚ್ ಹಾಕಿಸೋಣ ಅಂತ ಹೊರಟರಂತೆ. ಅವರ ಜೊತೆಗಾರರು ತಡೆದರು. ಮೊದಲು ಹಗ್ಗದ ದಾರಿ ನೋಡಿ ಅಂದರು. ಹಾಯಿಯಿಂದ ವಿಂಚ್ ತನಕ ಹಗ್ಗ ನಾಲ್ಕು ರಾಟೆ ದಾಟಿ ಬರ್ತಿತ್ತು. ಒಂದೊಂದು ರಾಟೆ ನೂರಕ್ಕೆ ಹತ್ತು ತಿಂತು ಅಂತಿಟ್ಟುಕೊಳ್ಳಿ. ನಾಲ್ಕು ದಾಟೋ ಹೊತ್ತಿಗೆ ನೂರರಲ್ಲಿ ಉಳಿಯೋದು ಸುಮಾರು 66. ಮಿಕ್ಕ 34 ಹಾಯಿಗೂ ಸೇರಲಿಲ್ಲ, ಎಳೆದವನಿಗೂ ಉಳಿಯಲಿಲ್ಲ. ಹಗ್ಗ ಸವೆದು ರಾಟೆ ಬಿಸಿಯಾಯ್ತು, ಅಷ್ಟೇ. ಇವರು ಮಾಡಿದ್ದಿಷ್ಟು: ಉಪ್ಪು ಕಟ್ಟಿದ ರಾಟೆಗಳಿಗೆ ಸಿಹಿನೀರು ಹೊಯ್ದು ತೊಳೆದರು, ಬೇಡದ ಒಂದು ತಿರುವು ತೆಗೆದರು, ರಾಟೆಯ ಗಾಡಿಗೆ ದಪ್ಪವಾಗಿದ್ದ ಹಗ್ಗ ಬಿಟ್ಟು ಸಣ್ಣದು ಹಾಕಿದರು. ಇನ್ನೊಂದು ಅಭ್ಯಾಸವನ್ನೂ ಮಾಡಿಕೊಂಡರು. ಹಗ್ಗ ಬಿಗಿ ಮಾಡೋ ಮುಂಚೆ ದೋಣಿಯ ಮೂತಿಯನ್ನು ಗಾಳಿ ಕಡೆಗೆ ಒಂಚೂರು ತಿರುಗಿಸೋದು. ಹಾಯಿ ಪಟಪಟ ಅಂದು ಭಾರ ಇಳಿದ ಆ ಎರಡು ಮೂರು ಕ್ಷಣದಲ್ಲಿ ಹಗ್ಗ ಸರಸರ ಬಂದುಬಿಡುತ್ತೆ. ಹಳೇ ವಿಂಚೇ ಸಾಕಾಯ್ತು.

ಇದನ್ನು ಕೇಳಿದಾಗ ನನಗೆ ನೆನಪಾಗಿದ್ದು ಎತ್ತಿನ ಗಾಡಿ ಅಡಿಯಲ್ಲಿ ನೇತಾಡ್ತಿದ್ದ ಕೀಲೆಣ್ಣೆಯ ಬಿದಿರು ಗೊಟ್ಟ. ಇನ್ನೊಂದು ಎತ್ತು ಕಟ್ಟೋ ಮುಂಚೆ ಕೀಲಿಗೆ ಎಣ್ಣೆ ಹಾಕು ಅನ್ನೋದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. (ಒಂದು ಪಹಣಿ ತಿದ್ದುಪಡಿಗೆ ಕಚೇರಿಯೊಂದರಲ್ಲಿ ನಾನು ಏಳು ಮೇಜು ಸುತ್ತಿದ್ದೀನಿ. ಪ್ರತಿ ಮೇಜೂ ತುಕ್ಕು ಹಿಡಿದ ರಾಟೆ. ಅಲ್ಲಿ ಕೀಲೆಣ್ಣೆ ಅಂದರೆ ಬೇರೆಯೇ ಅರ್ಥ.) ಯಾರಿಗೂ ಸೇರದ ಶ್ರಮ ಅಂತ ಒಂದಿದೆ. ಅದನ್ನು ಉಳಿಸಿಕೊಳ್ಳೋಕೆ ಯಾವ ತತ್ವವೂ ಬೇಕಾಗಿಲ್ಲ, ತೆಗೆದು ಬಿಸಾಕೋದೇ. ಕಾಯಕದ ಹೆಸರಲ್ಲಿ ಅದನ್ನು ಸಮರ್ಥಿಸೋದು ಕಾಯಕಕ್ಕೇ ಅವಮಾನ.

ಹಾಗಂತ ಉಜ್ಜಾಟವೆಲ್ಲ ಶತ್ರು ಅಂತಲೂ ಅಲ್ಲ. ಜಾತ್ರೆಯ ದನಗಳ ಸಾಲಲ್ಲಿ ಹತ್ತು ವರ್ಷದ ಹುಡುಗ ಒಂದು ಹಳ್ಳಿಕಾರ್ ಹೋರಿಯನ್ನು ಹಿಡಿದು ನಿಂತಿರೋದನ್ನು ನೋಡಿದ್ದೀರಾ? ಬರೀ ಕೈಯಲ್ಲಿ ಅಲ್ಲ. ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಸುತ್ತಿ ತುದಿಯನ್ನು ಸುಮ್ಮನೆ ಹಿಡಿದಿರ್ತಾನೆ. ಹೋರಿ ಎಷ್ಟೇ ಜಗ್ಗಿದರೂ ಅವನ ಮುಖದಲ್ಲಿ ಗಾಬರಿ ಇಲ್ಲ. ಇದರ ಗಣಿತವನ್ನು 18ನೇ ಶತಮಾನದಲ್ಲಿ ಆಯ್ಲರ್ ಬಿಡಿಸಿಟ್ಟ. ಹಗ್ಗಕ್ಕೂ ಗೂಟಕ್ಕೂ ನಡುವಿನ ಘರ್ಷಣೆಯ ಗುಣಾಂಕ 0.2 ಅಂತ ಹಿಡಿದರೂ ಒಂದು ಸುತ್ತಿಗೆ ಹಿಡಿತ ಸುಮಾರು ಮೂರೂವರೆ ಪಟ್ಟು, ಎರಡು ಸುತ್ತಿಗೆ 12 ಪಟ್ಟು, ಮೂರಕ್ಕೆ 43 ಪಟ್ಟು. ವಿಂಚ್‌ನ ಉರುಳೆ ಮಾಡೋದೂ ಇದನ್ನೇ. ದಾರಿಯುದ್ದಕ್ಕೂ ಕಳ್ಳನಾಗಿದ್ದ ಘರ್ಷಣೆ ಉರುಳೆಯ ಮೇಲೆ ಕಾವಲುಗಾರ. ಆ ಉರುಳೆಗೆ ಯಾರಾದರೂ ಎಣ್ಣೆ ಹಚ್ಚಿದರೆ ಅವರ ಬೆರಳು ದೇವರೇ ಕಾಯಬೇಕು.

ಇಲ್ಲಿಯ ತನಕ ಇದು ಬರೀ ಜಾಣತನದ ಮಾತು. ನೀತಿಯ ಪ್ರಶ್ನೆ ಶುರುವಾಗೋದು ಕರೆಂಟಿನ ವಿಂಚ್ ಬಂದಾಗ. ಗುಂಡಿ ಒತ್ತಿದರೆ ಸಾಕು, ಹಗ್ಗ ತಾನಾಗಿ ಬರುತ್ತೆ. ಅದರ ಬಗ್ಗೆ ದೋಣಿಯವರು ಹೇಳೋ ಎಚ್ಚರಿಕೆ ಹೀಗಿದೆ. ಮೇಲೆ ಎಲ್ಲೋ ಹಾಯಿಯ ಅಂಚು ಕಂಬದ ತಂತಿಗೆ ಸಿಕ್ಕಿಕೊಂಡಿದೆ ಅಂತಿಟ್ಟುಕೊಳ್ಳಿ. ಕೈಯಲ್ಲಿ ತಿರುಗಿಸೋನಿಗೆ ಹಿಡಿಕೆ ತಟ್ಟನೆ ಭಾರವಾಗುತ್ತೆ. ಏನೋ ಎಡವಟ್ಟಾಗಿದೆ ಅಂತ ಕೈಗೆ ಮೊದಲು ಗೊತ್ತಾಗಿ, ಆಮೇಲೆ ಕಣ್ಣು ಮೇಲೆ ಹೋಗುತ್ತೆ. ಮೋಟರಿಗೆ ಸಿಕ್ಕಿಕೊಂಡ ಹಾಯಿಯೂ ಒಂದೇ, ಬಿಡಿಸಿಕೊಂಡ ಹಾಯಿಯೂ ಒಂದೇ. ಅದು ಎಳೀತಾ ಹೋಗುತ್ತೆ, ಹಾಯಿ ಹರಿಯೋ ತನಕ. ಹಗ್ಗದ ನಡುವೆ ಬೆರಳು ಸಿಕ್ಕಿದ್ದರೆ ಅದನ್ನೂ.

ಅಂದರೆ ಕೈಗೆ ಬರ್ತಿದ್ದ ಭಾರ ಬರೀ ಭಾರ ಆಗಿರಲಿಲ್ಲ. ಹಗ್ಗದ ಆ ತುದಿಯಲ್ಲಿ ಏನಾಗ್ತಿದೆ ಅನ್ನೋ ಸುದ್ದಿಯೂ ಅದರಲ್ಲೇ ಬರ್ತಿತ್ತು. ನಾವು ಭಾರ ಬೇಡ ಅಂದೆವು. ಸುದ್ದಿಯೂ ಅದರ ಜೊತೆಗೇ ಹೋಯ್ತು.

ಇದು ದೋಣಿಯವರ ಗೋಳು ಮಾತ್ರ ಅಂದುಕೊಂಡಿದ್ದರೆ ನಾನು ಬರೀತಾನೇ ಇರಲಿಲ್ಲ. ನಂಜನಗೂಡು, ತಿ. ನರಸೀಪುರದ ಕಡೆ ನದಿಯ ಹೆಸರು ಕಪಿಲೆ. ಹಳೇ ಮೈಸೂರಲ್ಲಿ ಎತ್ತಿನಿಂದ ಬಾವಿ ನೀರು ಎತ್ತೋ ಸಾಧನಕ್ಕೂ ಕಪಿಲೆ ಅಂತಲೇ ಹೆಸರು. ಬಾವಿ ಕಟ್ಟೆಯ ಮೇಲೆ ರಾಟೆ, ಅದರ ಮೇಲೆ ಮಿಣಿ ಹಗ್ಗ, ಹಗ್ಗದ ಒಂದು ತುದಿಗೆ ದೊಡ್ಡ ತೊಗಲಿನ ಚೀಲ, ಇನ್ನೊಂದು ತುದಿಗೆ ಜೋಡಿ ಎತ್ತು. ಎತ್ತುಗಳು ನಡೆಯೋ ದಾರಿ ಇಳಿಜಾರು, ಅವುಗಳ ಮೈತೂಕವೂ ಎಳೆತಕ್ಕೆ ಸೇರಲಿ ಅಂತ. ಇಳಿಯುವಾಗ ಹೊಡೆಯೋನು ಹಗ್ಗದ ಮೇಲೇ ಕೂತುಬಿಡ್ತಿದ್ದ, ಅವನ ತೂಕವೂ ಲೆಕ್ಕಕ್ಕೆ. ಶ್ರಮ ಕಡಿಮೆ ಮಾಡೋ ಬುದ್ಧಿ ನಮಗೆ ಮೇಳದಲ್ಲಿ ಹುಟ್ಟಿದ್ದಲ್ಲ ಅನ್ನೋದಕ್ಕೆ ಇಷ್ಟು ಸಾಕು.

ಆ ಇಳಿಜಾರಿನ ಉದ್ದ ಮತ್ತು ಬಾವಿಯಲ್ಲಿ ನೀರಿನ ಆಳ, ಎರಡಕ್ಕೂ ನಂಟಿತ್ತು. ನೀರು ಒಂದು ಮಾರು ಇಳಿದರೆ ಎತ್ತು ಪ್ರತಿ ಸಲವೂ ಒಂದು ಮಾರು ಹೆಚ್ಚು ನಡೀಬೇಕು, ಹಿಮ್ಮೆಟ್ಟಿ ಹತ್ತಬೇಕು. ಬೇಸಿಗೆ ಬಂತು ಅಂತ ರೈತನಿಗೆ ಪಂಚಾಂಗ ಹೇಳ್ತಿರಲಿಲ್ಲ, ಎತ್ತಿನ ಹೆಜ್ಜೆ ಹೇಳ್ತಿತ್ತು. ಇಷ್ಟು ದಣಿದು ಇಷ್ಟೇ ನೀರಾದರೆ ಈ ಸಲ ಭತ್ತ ಬೇಡ, ರಾಗಿ ಸಾಕು ಅಂತ ತೀರ್ಮಾನ ಆಗ್ತಿದ್ದದ್ದು ಆ ದಣಿವಿನಲ್ಲೇ. ಈಗ ಕೊಳವೆಬಾವಿ. ನೀರು ನೂರು ಅಡಿಯಲ್ಲಿರಲಿ, ಐನೂರರಲ್ಲಿರಲಿ, ಗುಂಡಿ ಒತ್ತೋ ಬೆರಳಿಗೆ ಒಂದೇ ಭಾರ. 10 ಹೆಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟೂ ಉಚಿತ, ಅಲ್ಲಿಗೆ ಬಿಲ್ಲಿನ ರೂಪದಲ್ಲಿ ಬರಬಹುದಾಗಿದ್ದ ಕೊನೇ ಸುದ್ದಿಯೂ ನಿಂತಿತು. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆಯ ನಾಲೆ ತಲುಪಿದ ಊರುಗಳಿಗೆ ಇದು ಅಷ್ಟಾಗಿ ತಾಗಲಿಲ್ಲ. ನಾಲೆಯಿಂದ ಮೇಲಿರೋ ಒಣಭೂಮಿಯವರಿಗೆ ಮೋಟರ್ ಗಾಳಿ ಎಳೆಯೋ ದಿನವೇ ಮೊದಲ ಸುದ್ದಿ, ಕಡೇ ಸುದ್ದಿ.

ಎತ್ತಿನ ಕಪಿಲೆಗೆ ವಾಪಸ್ ಹೋಗೋಣ ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳೋಕೆ ಎತ್ತುಗಳನ್ನೂ ಕೇಳಬೇಕಾಗುತ್ತೆ. ಅಲ್ಲದೆ ಕೈಯಲ್ಲಿ ಎಳೆದರೆ ಸುದ್ದಿ ತಾನಾಗಿ ಬರುತ್ತೆ ಅನ್ನೋದೂ ಪೂರ್ತಿ ನಿಜವಲ್ಲ. ನಂಜನಗೂಡಿನ ದೊಡ್ಡ ಜಾತ್ರೆಯನ್ನೇ ತಗೊಳ್ಳಿ. ಐದು ತೇರು, ಅದರಲ್ಲಿ ಶ್ರೀಕಂಠೇಶ್ವರನ ಗೌತಮ ರಥ ಎಲ್ಲಕ್ಕಿಂತ ದೊಡ್ಡದು. ನಿಂತ ತೇರನ್ನು ಕದಲಿಸೋಕೆ ಬೇಕಾದ ಬಲ ಉರುಳೋ ತೇರಿಗೆ ಬೇಡ. ಹಾಗಾಗಿ ಕದಲೋ ತನಕ ಎಲ್ಲರೂ ಹಲ್ಲು ಕಚ್ಚಿ ಜಗ್ಗಿರ್ತಾರೆ, ಕದಲಿದ ಕ್ಷಣ ಅದೇ ಬಲ ಹೆಚ್ಚಾಗಿಬಿಡುತ್ತೆ. ಹಗ್ಗದ ಮುಂದಿನ ತುದಿಯಲ್ಲಿರೋನಿಗೆ ಅಷ್ಟು ದೂರದ ಚಕ್ರ ಕಾಣೋದಿಲ್ಲ. ಅವನ ಕೈಗೆ ಬರೋ ಭಾರದಲ್ಲಿ ತೇರಿನದ್ದೆಷ್ಟು, ಪಕ್ಕದವನದ್ದೆಷ್ಟು ಅಂತ ಬೇರೆ ಮಾಡೋಕಾಗಲ್ಲ. ಸಾವಿರ ಕೈ ಸೇರಿದರೆ ಅದೂ ಒಂದು ಮೋಟರೇ. ಅದಕ್ಕೇ ಚಕ್ರದ ಪಕ್ಕದಲ್ಲಿ ಮರದ ತುಂಡು ಹಿಡಿದು, ಪ್ರಾಣ ಅಂಗೈಲಿಟ್ಟುಕೊಂಡು ನಡೆಯೋರು ಬೇಕು. ಅವರ ಕೂಗು ಹಗ್ಗದ ತುದಿ ತನಕ ಮುಟ್ಟಬೇಕು. ತೇರು ಎಳೆಯೋ ಪುಣ್ಯದ ಬಗ್ಗೆ ಮಾತಾಡೋರು ಈ ತುಂಡು ಇಡೋರನ್ನು ಯಾಕೋ ಮರೀತಾರೆ. ಇಡೀ ಬೀದಿಯಲ್ಲಿ ಸುದ್ದಿ ಇರೋದು ಅವರ ಹತ್ತಿರ ಮಾತ್ರ.

ಹಾಗಾಗಿ ಕೈಯೋ ಯಂತ್ರವೋ ಅನ್ನೋ ಜಗಳದಲ್ಲಿ ನನಗೆ ಆಸಕ್ತಿ ಹೋಗಿದೆ. ಯಾರದ್ದೋ ಬೆನ್ನು ಉಳಿಯುತ್ತೆ ಅಂದರೆ ಯಂತ್ರ ಬರಲಿ. ನಾನು ಕೇಳೋದು ಇಷ್ಟು: ಭಾರದ ಜೊತೆ ಬರ್ತಿದ್ದ ಸುದ್ದಿಯನ್ನು ಈಗ ಯಾರು ತರ್ತಾರೆ? ಅದಕ್ಕೊಬ್ಬರನ್ನು ನೇಮಿಸದೆ ಭಾರ ಮಾತ್ರ ಇಳಿಸಿಕೊಂಡರೆ ಅದು ಬರೀ ಅನುಕೂಲದ ವಿಷಯವಾಗಿ ಉಳಿಯೋದಿಲ್ಲ. ಯಾಕಂದರೆ ಹರಿಯೋ ಹಾಯಿ ಗುಂಡಿ ಒತ್ತಿದವನದ್ದು ಇರಬಹುದು. ಆದರೆ ಬತ್ತೋ ಬಾವಿ ಪಕ್ಕದ ಹೊಲದವನದ್ದು, ಚಕ್ರದಡಿ ಸಿಗೋ ಕಾಲು ಇನ್ನೊಬ್ಬನದ್ದು. ತನ್ನ ದಣಿವು ಉಳಿಸಿಕೊಂಡಿದ್ದು ಒಬ್ಬ, ತಿಳಿಯದೆ ಹೋದದ್ದರ ಬೆಲೆ ತೆರೋನು ಮತ್ತೊಬ್ಬ.

ಸಿಡ್ನಿಯ ಆ ಹಿರಿಯರು ಕೊನೆಗೆ ಕರೆಂಟಿನ ವಿಂಚ್ ಹಾಕಿಸಿದರು. ಎಪ್ಪತ್ತೈದಾಯ್ತು, ಭುಜ ಪೂರ್ತಿ ಕೈಕೊಟ್ಟಿತ್ತು, ಇಲ್ಲದಿದ್ದರೆ ದೋಣಿಯನ್ನೇ ಮಾರಬೇಕಿತ್ತು. ಗುಂಡಿ ಒತ್ತೋ ಕೆಲಸ ಮಾತ್ರ ಅವರು ಒಬ್ಬರೇ ಮಾಡಲ್ಲವಂತೆ. ನನ್ನ ತಂಗಿ ಮಗ ಹಾಯಿಯನ್ನೇ ನೋಡ್ತಾ ನಿಂತಿರ್ಬೇಕು, ಗುಂಡಿಯ ಕಡೆ ನೋಡೋ ಹಾಗಿಲ್ಲ. ಅವನು ‘ನಿಲ್ಲಿಸಿ’ ಅಂದರೆ ಕಾರಣ ಕೇಳದೆ ಬೆರಳು ತೆಗೀತಾರೆ.

ಸುತ್ತೂರಿನ ಹತ್ತಿರ ನಮ್ಮ ದೊಡ್ಡಪ್ಪನ ಮಗನ ಹೊಲವಿದೆ. ಹಳೇ ಕಪಿಲೆ ಬಾವಿಯನ್ನು ಅವನು ಮುಚ್ಚಿಲ್ಲ. ಕಟ್ಟೆ ಮೇಲಿನ ರಾಟೆ ಯಾವತ್ತೋ ಹೋಗಿದೆ, ನೀರೆತ್ತೋದು ಮೋಟರೇ. ಆದರೆ ಅಮಾವಾಸ್ಯೆಗೊಂದು ಸಲ ಮಾರಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಇಳಿಬಿಡ್ತಾನೆ. ಎಷ್ಟನೇ ಗಂಟಿಗೆ ಹಗ್ಗ ಒದ್ದೆಯಾಯ್ತು ಅಂತ ಮೋಟರ್ ಮನೆ ಗೋಡೆ ಮೇಲೆ ಇದ್ದಿಲಲ್ಲಿ ಗೀಟು ಹಾಕ್ತಾನೆ. ಮೋಟರ್ ಇದೆಯಲ್ಲೋ, ಇದೆಲ್ಲ ಯಾಕೆ ಅಂತ ಕೇಳಿದೆ. “ಮೋಟ್ರು ಏನ್ ಹೇಳ್ತದಪ್ಪಾ? ಅದ್ಕೆ ಬಾಯಿಲ್ಲ” ಅಂದ. ಹೋದ ವರ್ಷ ಗೋಡೆಯ ಗೀಟು ನೋಡಿ ಅರ್ಧ ಹೊಲಕ್ಕೆ ಹುರುಳಿ ಚೆಲ್ಲಿದ. ಪಕ್ಕದ ಹೊಲದವರು ಭತ್ತ ನಾಟಿ ಮಾಡಿದ್ದರು.