ಕಳೆದುಹೋದದ್ದರ ಮೇಲೆ ಬರೆಯಬೇಡಿ

ಬೈಬಲ್ ತೆರೆಯಿರಿ. ಫೋನಿನಲ್ಲಿ ಓದುವವರು ಫೋನ್ ತೆರೆಯಿರಿ, ವಾಟ್ಸಾಪ್ ಬೇಡ. 2 ಅರಸುಗಳು 22ನೇ ಅಧ್ಯಾಯ. ಒಂದು ಬೆರಳು ಯೆರೆಮೀಯ 36ರಲ್ಲೂ ಇಟ್ಟುಕೊಳ್ಳಿ.

ಅರಸನಾದ ಯೋಷೀಯನ ಆಳಿಕೆಯ 18ನೇ ವರ್ಷ. ದೇವಾಲಯದ ರಿಪೇರಿ ನಡೀತಾ ಇದೆ. ಆಗ ಮಹಾಯಾಜಕನಾದ ಹಿಲ್ಕೀಯನಿಗೆ ಧರ್ಮಶಾಸ್ತ್ರದ ಗ್ರಂಥ ಸಿಗುತ್ತದೆ. ಎಲ್ಲಿ ಸಿಕ್ಕಿತು? ದೇವಾಲಯದಲ್ಲೇ! ಜನ ಅದನ್ನ ಮರೆತಿದ್ದರು, ಗ್ರಂಥ ಮಾತ್ರ ಎಲ್ಲೂ ಹೋಗಿರಲಿಲ್ಲ. ಆಮೆನ್?

ಈಚೆಗೆ ನಮ್ಮ ಯೌವನಸ್ಥರಲ್ಲಿ ಒಬ್ಬ ತಮ್ಮ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ಲ್ಯಾಪ್‌ಟಾಪ್ ಅಪ್‌ಡೇಟ್ ಅರ್ಧಕ್ಕೆ ನಿಂತು, ಆಮೇಲೆ ಆನ್ ಆಗ್ತಾನೇ ಇಲ್ಲ. ಒಳಗೆ ಕೊನೇ ಸೆಮಿಸ್ಟರಿನ ಪ್ರಾಜೆಕ್ಟ್ ಇದೆ. ತೀರಿಹೋದ ಅಪ್ಪನ ದನಿಯ ಒಂದೇ ಒಂದು ರೆಕಾರ್ಡಿಂಗ್ ಇದೆ. "ಪಾಸ್ಟರ್, ಎಲ್ಲಾ ಹೋಯ್ತು. ಪೂರ್ತಿ ಅಳಿಸಿ ಹೊಸ ಸಿಸ್ಟಮ್ ಹಾಕಿಬಿಡ್ಲಾ?"

ಹಾಕಬೇಡ ಅಂದೆ. ಪ್ರಿಯರೇ, ಇದನ್ನ ನೀವೂ ನೆನಪಿಡಿ. ಸಿಸ್ಟಮ್ ಏಳಲಿಲ್ಲ ಅಂದ ಮಾತ್ರಕ್ಕೆ ಫೈಲ್ ಹೋಯ್ತು ಅಂತ ಅಲ್ಲ. ಎಷ್ಟೋ ಸಲ ಕೆಟ್ಟಿರೋದು ಸಿಸ್ಟಮ್ ಮಾತ್ರ, ಫೈಲ್ ಡಿಸ್ಕಿನಲ್ಲಿ ಹಾಗೇ ಇರುತ್ತದೆ. ಲಿನಕ್ಸ್ ಹಾಕಿದ ಒಂದು ಪೆನ್‌ಡ್ರೈವ್‌ನಿಂದ ಆನ್ ಮಾಡಿ, ಫೈಲುಗಳನ್ನ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಬಹುದು. ಗೊತ್ತಿಲ್ಲದಿದ್ದರೆ ಗೊತ್ತಿರುವವರ ಕೈಗೆ ಕೊಡಿ. ಗಾಬರಿಯಲ್ಲಿ ರೀಸೆಟ್ ಒತ್ತಬೇಡಿ.

2018ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಬಿಟ್ಟ ವಿಂಡೋಸ್ 10ರ ಒಂದು ಅಪ್‌ಡೇಟ್ ಕೆಲವರ ಫೈಲುಗಳನ್ನೇ ಅಳಿಸಿಬಿಟ್ಟಿತ್ತು. ಫೋಲ್ಡರನ್ನ ಬೇರೆ ಜಾಗಕ್ಕೆ ಬದಲಾಯಿಸಿದ್ದವರ ಹಳೇ ಫೋಲ್ಡರ್ ಇನ್ನು ಬೇಡ ಅಂತ ಅದು ತೆಗೆದುಹಾಕಿತು. ಆದರೆ ಒಳಗೆ ಫೈಲುಗಳಿದ್ದವು! ಕಂಪನಿ ಕೆಲವೇ ದಿನಗಳಲ್ಲಿ ಅದನ್ನ ನಿಲ್ಲಿಸಿ, ಫೈಲ್ ಕಳೆದುಕೊಂಡವರಿಗೆ ಒಂದು ಮಾತು ಹೇಳಿತು: ಆ ಕಂಪ್ಯೂಟರನ್ನ ಆದಷ್ಟು ಕಡಿಮೆ ಬಳಸಿ. ಯಾಕೆ? ಅಳಿಸಿದ ಜಾಗದ ಮೇಲೆ ಹೊಸದು ಬರೆದರೆ ಹಳೆಯದು ಮತ್ತೆ ಸಿಗೋದಿಲ್ಲ.

ಈಗ ನಿಮ್ಮ ಜೀವನಕ್ಕೆ ಬನ್ನಿ. ಪರೀಕ್ಷೆ ಫೇಲ್ ಆಯ್ತು. ಕೆಲಸದಿಂದ ತೆಗೆದರು. ಮದುವೆ ಮಾತು ಮುರೀತು. ಮೊದಲು ಏನು ಮಾಡ್ತೀರಿ? ಗ್ರೂಪಿನಿಂದ ಎಕ್ಸಿಟ್. ಅಮ್ಮನ ಫೋನ್ ಎತ್ತೋದಿಲ್ಲ. ಪ್ರಾರ್ಥನೆ ಬಂದ್. ಖಾಲಿ ಆಯ್ತು ಅಂದುಕೊಂಡ ಜಾಗದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಬರೀತೀರಿ. ಮಗಳೇ, ತಮ್ಮಾ, ಅದು ಖಾಲಿ ಅಲ್ಲ! ದೇವರು ನಿನ್ನೊಳಗೆ ಇಟ್ಟದ್ದು ಇನ್ನೂ ಇದೆ. ಸುಮ್ಮನೆ ನಿಲ್ಲು. ಗೊತ್ತಿರುವವನ ಕೈಗೆ ಕೊಡು. ಹಲ್ಲೆಲೂಯಾ!

ಆ ತಮ್ಮನಿಗೆ ಪ್ರಾಜೆಕ್ಟ್ ಸಿಕ್ಕಿತು, ಕರ್ತನಿಗೆ ಸ್ತೋತ್ರ. ಅಪ್ಪನ ರೆಕಾರ್ಡಿಂಗ್ ತೆರೆಯಲಿಲ್ಲ. ಡಿಸ್ಕಿನ ಆ ಭಾಗವೇ ಹಾಳಾಗಿತ್ತು. ನಿನಗೆ ವಿಶ್ವಾಸ ಕಡಿಮೆ ಅಂತ ನಾನು ಅವನಿಗೆ ಹೇಳಲಿಲ್ಲ. ಸಭೆಯಲ್ಲಿ ಯಾರೂ ಯಾರಿಗೂ ಹಾಗೆ ಹೇಳಬೇಡಿ. ನಿಜವಾಗಿಯೂ ಹೋಗುವಂಥವು ಇರುತ್ತವೆ.

ಯೆರೆಮೀಯ 36 ನೋಡಿ. ಗ್ರಂಥ ಸಿಕ್ಕಾಗ ಬಟ್ಟೆ ಹರಕೊಂಡು ಅತ್ತ ಯೋಷೀಯನ ಮಗ ಯೆಹೋಯಾಕೀಮ. ಅವನ ಮುಂದೆ ಯೆರೆಮೀಯನ ಸುರುಳಿ ಓದುತ್ತಾರೆ. ಮೂರು ನಾಲ್ಕು ಅಂಕಣ ಮುಗಿದ ಹಾಗೆಲ್ಲಾ ಅವನು ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಇದಕ್ಕೆ ಯಾವ ರಿಕವರಿ ಸಾಫ್ಟ್‌ವೇರ್ ಇದೆ? ದೇವರು ಆ ಬೂದಿಯನ್ನ ಮತ್ತೆ ಸುರುಳಿ ಮಾಡಲಿಲ್ಲ, ಗಮನಿಸಿ. ಬೇರೊಂದು ಸುರುಳಿ ತೆಗೆದುಕೊಳ್ಳಲು ಹೇಳಿದರು. ಯೆರೆಮೀಯ ಹೇಳಿದ, ಬಾರೂಕ ಬರೆದ. ಸುಟ್ಟದ್ದೆಲ್ಲ ಬಂತು, ಮೊದಲು ಇಲ್ಲದ ಮಾತುಗಳೂ ಬಂದವು. ಸುರುಳಿ ಸುಟ್ಟಿತು, ಮಾತಾಡಿದವನು ಸುಡಲಿಲ್ಲ!

ಆ ತಮ್ಮನಿಗೆ ಇಷ್ಟೇ ಹೇಳಿದೆ: ಅಮ್ಮನ ಜೊತೆ ಕೂತು, ಅಪ್ಪ ಹೇಳ್ತಿದ್ದ ಮಾತುಗಳನ್ನ ಬರಿ. ಎರಡು ಸಂಜೆ ಕೂತರು. ಅವನು ಹುಟ್ಟಿದ ರಾತ್ರಿ ಅಪ್ಪ ಮಾಡಿದ ಪ್ರಾರ್ಥನೆ ಅಮ್ಮನಿಗೆ ನೆನಪಿತ್ತು. ಅದು ಯಾವ ರೆಕಾರ್ಡಿಂಗಿನಲ್ಲೂ ಇರಲಿಲ್ಲ.

ಈ ವಾರ ಎರಡು ಕೆಲಸ ಮಾಡಿ. ಒಂದು, ಮುಖ್ಯ ಫೈಲುಗಳನ್ನ ಇನ್ನೊಂದು ಕಡೆ ಕಾಪಿ ಮಾಡಿ. ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬೀಗದ ಕೈಯನ್ನ ಬೀಗ ಹಾಕಿದ ಪೆಟ್ಟಿಗೆಯೊಳಗೇ ಇಟ್ಟರೆ ತೆಗೆಯೋದು ಹೇಗೆ? ಎರಡು, ಸೋತು ಮನೆಯಲ್ಲಿ ಕೂತಿರುವ ಒಬ್ಬರಿಗೆ ಫೋನ್ ಮಾಡಿ, ರೀಸೆಟ್ ಒತ್ತೋ ಮೊದಲು.

ಕಣ್ಣು ಮುಚ್ಚೋಣ. ಕರ್ತನೇ, ನಮ್ಮಲ್ಲಿ ಉಳಿದಿರುವುದನ್ನ ನಮಗೆ ತೋರಿಸು. ಸುಟ್ಟುಹೋದದ್ದರ ಕುರಿತು ನಮ್ಮ ಸಂಗಡ ಮತ್ತೆ ಮಾತಾಡು. ಯೇಸುವಿನ ನಾಮದಲ್ಲಿ, ಆಮೆನ್.