ಅಂಟಿನ ಬೋಗುಣಿ

ತಿಂಗಳ ಇಪ್ಪತ್ತೊಂಬತ್ತನೇ ತಾರೀಖು ನಮ್ಮ ಮನೆಯ ಒಲೆಯ ಮೇಲೆ ಸಾರಿಗಿಂತ ಮೊದಲು ಕುದಿಯುವುದು ಮೈದಾ ಅಂಟು. ಎರಡು ಚಮಚ ಮೈದಾ, ಒಂದು ಲೋಟ ನೀರು, ಹುಳು ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ. ಅದಕ್ಕೊಂದು ಸೊಟ್ಟ ಬೋಗುಣಿಯನ್ನು ಮನೆಯಾಕೆ ಬೇರೆಯಾಗಿಯೇ ತೆಗೆದಿಟ್ಟಿದ್ದಾಳೆ. ಅದು ಅಡುಗೆಮನೆಯ ಕಟ್ಟೆ ಹತ್ತುವಂತಿಲ್ಲ. ಅಂಟು ಆರುವುದರೊಳಗೆ ನಾನೂರು ಚಿಲ್ಲರೆ ವಿಳಾಸ ಚೀಟಿಗಳು ರ್‍ಯಾಪರಿನ ಮೇಲೆ ಕೂರಬೇಕು.

ಹಾವೇರಿಯ ಈ ಮನೆಯಿಂದ ಹದಿನಾರು ಪುಟದ ಮಾಸಿಕವೊಂದನ್ನು ಹನ್ನೊಂದು ವರ್ಷದಿಂದ ತರುತ್ತಿದ್ದೇನೆ. ಸಂಪಾದಕ, ಕರಡು ತಿದ್ದುವವ, ಗುಮಾಸ್ತ, ಜವಾನ ಎಲ್ಲ ನಾನೇ. ಮನೆಗೆ ಬಂದವರು ಕೇಳುವ ಪ್ರಶ್ನೆ ಮಾತ್ರ ಒಂದೇ: ‘ತಿಂಗಳಾ ತಿಂಗಳಾ ಬರೀತೀರಲ್ರೀ, ಅಷ್ಟೆಲ್ಲ ಎಲ್ಲಿಂದ ಹೊಳೀತದ?’ ಹೊಳೆಯುವುದಕ್ಕೆ ಬೇಕಾದದ್ದು ಒಂದು ಮುಂಜಾನೆ. ನನ್ನ ಪುಟವನ್ನು ಒಂದೇ ಕೂರಿಕೆಯಲ್ಲಿ ಬರೆದು ಮುಗಿಸುತ್ತೇನೆ. ಉಳಿದ ಇಪ್ಪತ್ತೊಂಬತ್ತು ದಿನ ಏನು ಮಾಡುತ್ತೇನೆಂದು ಯಾರೂ ಕೇಳುವುದಿಲ್ಲ.

ಬೆಳಿಗ್ಗೆ ಐದಕ್ಕೆ ಎದ್ದರೆ ಮೊದಲ ಕೆಲಸ ಕರಡು. ಲೇಖಕರಲ್ಲಿ ಅರ್ಧ ಜನ ಇನ್ನೂ ಹಳೆಯ ‘ನುಡಿ’ ತಂತ್ರಾಂಶದಲ್ಲೇ ಟೈಪು ಮಾಡಿ ಕಳಿಸುತ್ತಾರೆ. ಅದನ್ನು ಯೂನಿಕೋಡಿಗೆ ತಿರುಗಿಸಿದ ಕೂಡಲೇ ಅಕ್ಷರಗಳಿಗೆ ಜ್ವರ ಬಂದಂತಾಗುತ್ತದೆ. ಅರ್ಕಾವತ್ತು ಜಾಗ ಬಿಟ್ಟು ಓಡುತ್ತದೆ. ಬಿಡಿಯಾಗಿ ನಿಲ್ಲಬೇಕಾದ ‘ರಾಜ್‌ಕುಮಾರ್’ ಒತ್ತಕ್ಷರ ಅಂಟಿಸಿಕೊಂಡು ‘ರಾಜ್ಕುಮಾರ್’ ಆಗಿ ಕೂರುತ್ತದೆ. ನಡುವೆ ಕಣ್ಣಿಗೆ ಕಾಣದ ಒಂದು ಕೊಂಡಿ ಇರಬೇಕು. ಅದು ಬಿದ್ದುಹೋದದ್ದು ಓದುಗನಿಗೆ ಕಾಣುತ್ತದೆ, ಹಾಕಿದ್ದು ಯಾರಿಗೂ ಕಾಣುವುದಿಲ್ಲ. ನನ್ನ ಕೆಲಸವೆಲ್ಲ ಹೆಚ್ಚೂ ಕಡಿಮೆ ಆ ಕೊಂಡಿಯ ಜಾತಿಯದು.

ವ ಮತ್ತು ಪ ನಡುವೆ ಇರುವುದು ಒಂದು ಗೀಟಿನಷ್ಟು ಅಂತರ. ಒಂದು ಯುಗಾದಿ ಸಂಚಿಕೆಯಲ್ಲಿ ಆ ಗೀಟು ನನ್ನನ್ನು ಚೆನ್ನಾಗಿ ಕಾಡಿತು. ಕವಿಗೋಷ್ಠಿಯ ವರದಿಯಲ್ಲಿ ಹದಿನೆಂಟು ಕವಿಗಳು ‘ಕವನ ವಾಚನ’ ಮಾಡುವ ಬದಲು ‘ಕವನ ಪಾಚನ’ ಮಾಡಿದರು. ಮೂರು ಸಲ ಓದಿದ್ದೆ. ಮೂರು ಸಲವೂ ಕಣ್ಣು ತನಗೆ ಬೇಕಾದದ್ದನ್ನೇ ಓದಿಕೊಂಡಿತ್ತು. ಕವಿಗಳಲ್ಲಿ ಇಬ್ಬರು ಸಿಟ್ಟಾದರು, ಒಬ್ಬರು ಮಾತ್ರ ‘ನನಗ ಅರಗಲಿಲ್ಲರಿ’ ಎಂದು ಕಾರ್ಡು ಬರೆದರು. ಆವತ್ತಿನಿಂದ ಕೊನೆಯ ಕರಡನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದುತ್ತೇನೆ. ಅರ್ಥ ಕೈಬಿಟ್ಟರೆ ಅಕ್ಷರ ಕಾಣುತ್ತದೆ.

ಮಧ್ಯಾಹ್ನ ರಿಜಿಸ್ಟರು. ಯಾರ ಚಂದಾ ಮುಗಿಯಿತು, ಯಾರದು ಬಂತು, ಯಾರು ದುಡ್ಡು ಕಳಿಸಿ ಹೆಸರು ಕಳಿಸಿಲ್ಲ. ಈಗ ಎಲ್ಲರೂ ಫೋನಿನಲ್ಲೇ ಹಣ ಹಾಕುತ್ತಾರೆ. ಸದ್ದು ಬರುತ್ತದೆ, ಇನ್ನೂರು ರೂಪಾಯಿ ಬಂದಿರುತ್ತದೆ, ಯಾರೆಂದು ತಿಳಿಯುವುದಿಲ್ಲ. ಮನಿಯಾರ್ಡರಿನ ಕಾಲದಲ್ಲಿ ಕೆಳಗಿನ ತುಂಡು ಚೀಟಿಯಲ್ಲಿ ಹೆಸರೂ ಇರುತ್ತಿತ್ತು, ಊರ ಮಳೆಬೆಳೆಯ ಸುದ್ದಿಯೂ ಇರುತ್ತಿತ್ತು. ಸಂಜೆ ಅಂಚೆ ಕಚೇರಿ. ನೋಂದಾಯಿತ ಪತ್ರಿಕೆಗೆ ರಿಯಾಯಿತಿ ದರ ಸಿಗಬೇಕಾದರೆ ಗೊತ್ತುಮಾಡಿದ ತಾರೀಖಿಗೆ, ಗೊತ್ತುಮಾಡಿದ ಕಚೇರಿಯಲ್ಲೇ ಕೊಡಬೇಕು. ಮನೆಯಲ್ಲಿ ಮದುವೆಯಿರಲಿ, ಮೈಯಲ್ಲಿ ಜ್ವರವಿರಲಿ, ತಾರೀಖಿಗೆ ಅದರ ಲೆಕ್ಕವಿಲ್ಲ. ಶಿಸ್ತು ಎಂದು ಜನ ಹೊಗಳುವುದು ನನ್ನಲ್ಲಿ ಹುಟ್ಟಿದ್ದು ಹೀಗೆ, ಅಂಚೆ ವೆಚ್ಚದ ಹೆದರಿಕೆಯಿಂದ.

ಬೇಸರ ಬಂದಾಗ ಗಳಗನಾಥರು ನೆನಪಾಗುತ್ತಾರೆ. ನಮ್ಮ ಜಿಲ್ಲೆಯವರೇ. ವರದೆ ತುಂಗಭದ್ರೆ ಸೇರುವ ಊರಿನ ಹೆಸರನ್ನೇ ತಮ್ಮದು ಮಾಡಿಕೊಂಡ ವೆಂಕಟೇಶ ತಿರಕೊ ಕುಲಕರ್ಣಿ. ಇಲ್ಲೇ ಪಕ್ಕದ ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಮಾಸಿಕಕ್ಕೆ ಬರೆದರು, ಕಾದಂಬರಿಗಳನ್ನು ರಾಶಿ ಹಾಕಿದರು. ಆಮೇಲೆ ಆ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಕನ್ನಡಿಗರಿಗೆ ಓದುವ ಚಟ ಹಿಡಿಸಿದವರೆಂದು ಎಲ್ಲರೂ ಹೇಳುತ್ತಾರೆ, ಸರಿಯೇ. ನನ್ನ ಕಣ್ಣೆದುರು ಬರುವುದು ಮಾತ್ರ ಸಂಜೆ ಮಾರಾಟವಾಗದ ಗಂಟನ್ನು ಯಾರದೋ ಜಗಲಿಯ ಮೇಲಿಳಿಸಿ ಭುಜ ತಿಕ್ಕಿಕೊಳ್ಳುವ ಮನುಷ್ಯ. ಬರೆದದ್ದಕ್ಕಿಂತ ಹೊತ್ತದ್ದು ಹೆಚ್ಚಿರಬೇಕು. 1942ರಲ್ಲಿ ತೀರಿಕೊಂಡರು.

ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮ 1921ರಲ್ಲಿ ‘ಸರಸ್ವತಿ’ ಪತ್ರಿಕೆ ಶುರುಮಾಡಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ನಡೆಸಿದರು. ಬಾಲ್ಯದಲ್ಲೇ ವಿಧವೆಯಾದ ಹೆಂಗಸು, ಅದೂ ಆ ಕಾಲದಲ್ಲಿ. ತಿಂಗಳಿಗೊಂದರಂತೆ ಹಿಡಿದರೂ ನಾನೂರ ಎಂಬತ್ತು ಸಲ ಕರಡು, ಕಾಗದ, ಅಂಚೆ. ನನ್ನ ಹನ್ನೊಂದು ವರ್ಷವನ್ನು ಅದರ ಪಕ್ಕದಲ್ಲಿಟ್ಟು ನೋಡಿಕೊಂಡು ಸುಮ್ಮನಾಗುತ್ತೇನೆ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆಯನ್ನು ಹರ್ಮನ್ ಮೋಗ್ಲಿಂಗ್ ಹೊರಡಿಸಿದ್ದು 1843ರ ಜುಲೈ 1ರಂದು. ಆ ದಿನ ಪ್ರತಿವರ್ಷ ನಮ್ಮಲ್ಲಿ ಹಾರ, ಶಾಲು, ಭಾಷಣ ಎಲ್ಲ ನಡೆಯುತ್ತದೆ. ನನಗೆ ಕುತೂಹಲವಿರುವುದು ಎರಡನೇ ಸಂಚಿಕೆಯ ಮೇಲೆ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ, ಕಲ್ಲಚ್ಚಿನಲ್ಲಿ ಅಚ್ಚಾಗುತ್ತಿದ್ದ ಪತ್ರಿಕೆ ಅದು. ಕೈಬರಹ ಕಲ್ಲಿಗಿಳಿದು ಅಲ್ಲಿಂದ ಕಾಗದಕ್ಕೇರಬೇಕು. ಜುಲೈ ತಿಂಗಳ ಮಂಗಳೂರು, ಹೊರಗೆ ಹಗಲೂ ರಾತ್ರಿ ಮಳೆ, ತೇವ ಹಿಡಿದ ಕಾಗದ. ಮೊದಲ ಸಂಚಿಕೆಯ ಸಂಭ್ರಮ ಮುಗಿದ ಮರುದಿನ ಮತ್ತೆ ಕಲ್ಲು ಉಜ್ಜಲು ಕೂತವರಿಗೆ ಯಾರೂ ಶಾಲು ಹೊದಿಸುವುದಿಲ್ಲ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕಂನಡ ಸಮಾಚಾರ’ವಾಯಿತು.

ಸಣ್ಣ ಪತ್ರಿಕೆಗಳು ನಿಂತಾಗ ಬರಹ ಸಿಗಲಿಲ್ಲ, ಓದುಗರು ಕಡಿಮೆಯಾದರು ಎನ್ನುತ್ತಾರೆ. ನಾನು ಕಣ್ಣಾರೆ ಕಂಡ ನಾಲ್ಕಾರು ನಿಂತದ್ದು ಅದಕ್ಕಲ್ಲ. ವಿಳಾಸ ಬರೆಯುತ್ತಿದ್ದವರಿಗೆ ಬೆನ್ನುನೋವು ಬಂತು, ಮಗ ಬೇರೆ ಊರಿಗೆ ಹೋದ, ಅಂಟು ಕುದಿಸಿಕೊಡುತ್ತಿದ್ದ ಕೈ ಇಲ್ಲವಾಯಿತು.

ಮರಳಿ ಬರುವ ಪ್ರತಿಗಳ ಮಾತೊಂದಿದೆ. ಪ್ರತಿ ತಿಂಗಳೂ ಹತ್ತು ಹನ್ನೆರಡು ಬರುತ್ತವೆ. ಕೆಲವದರ ಮೇಲೆ ‘ಮನೆ ಬಿಟ್ಟಿದ್ದಾರೆ’, ಕೆಲವದರ ಮೇಲೆ ‘ತೀರಿಕೊಂಡಿದ್ದಾರೆ’ ಎಂದು ಪೋಸ್ಟ್‌ಮ್ಯಾನ್ ಕೆಂಪು ಶಾಯಿಯಲ್ಲಿ ಬರೆದಿರುತ್ತಾನೆ. ತೀರಿಕೊಂಡವರ ಹೆಸರಿನ ಮೇಲೆ ಗೀಟು ಎಳೆಯುತ್ತೇನೆ, ಚೀಟಿಯನ್ನು ಮಾತ್ರ ಹರಿಯುವುದಿಲ್ಲ. ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಡಬ್ಬಿ ಹೆಚ್ಚೂ ಕಡಿಮೆ ತುಂಬಿದೆ. ಬಿಟ್ಟುಹೋದವರದು ಬೇರೆ ಕಥೆ. ಅವರು ಎಲ್ಲೋ ಇದ್ದಾರೆ, ಪತ್ರಿಕೆ ಯಾಕೆ ಬರುತ್ತಿಲ್ಲವೆಂದು ನನ್ನನ್ನೇ ಬೈದುಕೊಳ್ಳುತ್ತಿದ್ದಾರೆ.

ನೀವು ಯಾವುದಾದರೂ ಸಣ್ಣ ಪತ್ರಿಕೆಯ ಚಂದಾದಾರರಾಗಿದ್ದು ಈಚೆಗೆ ಮನೆ ಬದಲಾಯಿಸಿದ್ದರೆ, ಇವತ್ತೇ ಅವರಿಗೊಂದು ಕಾರ್ಡು ಬರೆಯಿರಿ. ಹಳೆಯ ವಿಳಾಸ, ಹೊಸ ವಿಳಾಸ ಎರಡೂ ಇರಲಿ, ಪಿನ್ ಕೋಡಿನ ಆರೂ ಅಂಕಿ ಇರಲಿ. ಪೋಸ್ಟ್ ಕಾರ್ಡಿಗೇನೂ ದೊಡ್ಡ ಖರ್ಚಿಲ್ಲ.