ಆಗದೆ ಹೋದುದರ ಋಣ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಅಷ್ಟು ವರ್ಷಗಳಲ್ಲಿ ಹುಡುಗರು ಉಸಿರು ಬಿಗಿಹಿಡಿದು ನೋಡಿದ ಪಾಠ ಒಂದೇ: ಮೆಗ್ನೀಸಿಯಂ ಪಟ್ಟಿಯನ್ನು ಉರಿಸುವುದು. ಇಕ್ಕಳದಲ್ಲಿ ಹಿಡಿದ ಬೆರಳುದ್ದದ ಬೂದುಬಣ್ಣದ ಪಟ್ಟಿ ಜ್ವಾಲೆಗೆ ತಾಗಿದೊಡನೆ ಕಣ್ಣು ಕೋರೈಸುವ ಬೆಳಕು. ಆಮೇಲೆ ಚಿಟಿಕೆಯಷ್ಟು ಬಿಳಿಯ ಬೂದಿ. "ಇನ್ನೊಮ್ಮೆ ಸಾರ್!" ಎಂದು ಹಿಂದಿನ ಬೆಂಚಿನವರೂ ಕೂಗುತ್ತಿದ್ದರು. ಮೆಗ್ನೀಸಿಯಮ್ಮಿನ ಮಹಿಮೆಯೆಲ್ಲ ಆ ಬೆಳಕಿನಲ್ಲಿದೆಯೆಂದು ಅವರಂತೆ ನಾನೂ ನಂಬಿದ್ದೆ. ಉರಿಯದೆ, ಹೊಳೆಯದೆ, ನೀರಿನಲ್ಲಿ ಸುಮ್ಮನೆ ಕರಗಿದ್ದುಕೊಂಡು ಅದು ಮಾಡುವ ಕೆಲಸವೊಂದಿದೆಯೆಂದು ನನಗೆ ತಿಳಿದದ್ದು ನಿವೃತ್ತನಾಗಿ ಬಹಳ ವರ್ಷಗಳಾದ ಮೇಲೆ, ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗನ ಮನೆಯಲ್ಲಿ.

ಆ ಮನೆಯ ಹಜಾರದಲ್ಲಿ ಒಂದು ಗಾಜಿನ ತೊಟ್ಟಿಯಿದೆ. ಅದರಲ್ಲಿ ಮುನ್ನೂರು ಲೀಟರು ಉಪ್ಪುನೀರು. ಸಮುದ್ರದಿಂದ ತಂದದ್ದಲ್ಲ, ಶುದ್ಧ ನೀರಿಗೆ ಲವಣಗಳನ್ನು ಲೆಕ್ಕಹಾಕಿ ಬೆರೆಸಿ ಮಾಡಿದ ಸಮುದ್ರ. ಕುಮಟೆಯ ಕಡೆಯ ಕಡಲ ಮೊರೆತ ಕೇಳುತ್ತ ಬೆಳೆದ ನನಗೆ ಪೆಟ್ಟಿಗೆಯೊಳಗಿನ ಈ ಕಡಲನ್ನು ಕಂಡು ಮೊದಲು ನಗು ಬಂತು. ಮೀನು ನಾಲ್ಕೇ ನಾಲ್ಕು. ಉಳಿದದ್ದೆಲ್ಲ ಹವಳ: ಹಸಿರು, ನೇರಳೆ, ಜೇನಿನ ಬಣ್ಣದ ಕವಲುಗಳು. ನಮ್ಮ ಮುರುಡೇಶ್ವರದಾಚೆಯ ನೇತ್ರಾಣಿಯ ಹವಳಕ್ಕೆ ಕೈಹಾಕಿದರೆ ಕಾನೂನಿನ ಪ್ರಕಾರ ಅಪರಾಧ. ಇವೂ ಕಡಲಿನಿಂದ ಕಿತ್ತವಲ್ಲವೆಂದು ಮಗ ಹೇಳಿದ. ಇನ್ನೊಬ್ಬರ ತೊಟ್ಟಿಯಲ್ಲಿ ಬೆಳೆದುದರಿಂದ ಒಂದು ತುಂಡು ಮುರಿದು ತಂದು, ನಾವು ದಾಸವಾಳದ ಗೆಲ್ಲು ನೆಡುವಂತೆ, ಕಲ್ಲಿಗೆ ಅಂಟಿಸಿ ಬೆಳೆಸಿದವು.

ಹವಳವೆಂಬುದು ಒಂದು ಪ್ರಾಣಿ. ನೀರಿನಲ್ಲಿರುವ ಕ್ಯಾಲ್ಸಿಯಮ್ಮನ್ನೂ ಕಾರ್ಬೊನೇಟನ್ನೂ ಹೀರಿ ತನ್ನ ಮೈಯ ಕೆಳಗೆ ಕಲ್ಲಿನ ಮನೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಸಾಕುವವನು ಇವೆರಡೂ ನೀರಿನಲ್ಲಿ ಸಾಕಷ್ಟಿವೆಯೇ ಎಂದು ಆಗಾಗ ಅಳೆಯುತ್ತಿರಬೇಕು. ಮಗ ಪ್ರತಿ ಭಾನುವಾರ ಅಳೆದು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ. ನಾನು ಹೋದ ತಿಂಗಳಲ್ಲಿ ಆ ಪುಸ್ತಕ ಒಳ್ಳೆಯ ಸುದ್ದಿಯನ್ನು ಹೇಳುತ್ತಿರಲಿಲ್ಲ. ಲೀಟರಿಗೆ ೪೨೦ ಮಿಲಿಗ್ರಾಂ ಇರಬೇಕಾದ ಕ್ಯಾಲ್ಸಿಯಂ ೩೪೦ಕ್ಕೆ ಇಳಿದಿತ್ತು. ಅವನು ಕ್ಯಾಲ್ಸಿಯಂ ಹಾಕಿದ. ಮರುವಾರ ಕ್ಷಾರಗುಣ ಇಳಿಯಿತು. ಸೋಡಾ ಹಾಕಿದ, ಕ್ಯಾಲ್ಸಿಯಂ ಇಳಿಯಿತು. ಹಾಕಿದಷ್ಟೂ ಎಲ್ಲಿ ಹೋಗುತ್ತಿದೆ? ಹವಳವಂತೂ ಕೂದಲೆಳೆಯಷ್ಟೂ ಬೆಳೆದಿರಲಿಲ್ಲ. ಕೊನೆಗೆ ನೀರು ಬೆಚ್ಚಗಾಗಿಸುವ ಕಡ್ಡಿಯನ್ನು ಹೊರಗೆ ತೆಗೆದಾಗ ಗುಟ್ಟು ಬಯಲಾಯಿತು. ಅದರ ಸುತ್ತ ಸುಣ್ಣದ ಬಿಳಿಯ ಹಕ್ಕಳೆ ಕಟ್ಟಿತ್ತು. ಪಂಪಿನ ಚಕ್ರದ ಮೇಲೂ ಅದೇ. ಕ್ಯಾಲ್ಸಿಯಮ್ಮೂ ಕಾರ್ಬೊನೇಟೂ ಹವಳದ ಕೈಗೆ ಸಿಗುವ ಮೊದಲೇ ತಮ್ಮತಮ್ಮಲ್ಲೇ ಕೂಡಿಕೊಂಡು, ಎಲ್ಲಿ ಬಿಸಿಯಿತ್ತೋ ಅಲ್ಲಿ ಕಲ್ಲಾಗಿ ಕುಳಿತಿದ್ದವು.

"ಮೆಗ್ನೀಸಿಯಂ ಅಳೆದೇ ಇಲ್ಲ" ಎಂದ ಮಗ, ತಪ್ಪು ಸಿಕ್ಕಿಬಿದ್ದ ಹುಡುಗನ ಹಾಗೆ. ಅಳೆದೆವು. ಗಾಜಿನ ಸಣ್ಣ ಸೀಸೆಯಲ್ಲಿ ಹನಿಹನಿಯಾಗಿ ದ್ರಾವಣ ಬಿಟ್ಟು ಬಣ್ಣ ತಿರುಗುವುದನ್ನು ಕಾಯುವ ಕೆಲಸ; ಬ್ಯೂರೆಟ್ಟು ಹಿಡಿದು ನರೆತವನಾದ ನನಗೆ ಅದನ್ನು ಬಿಟ್ಟುಕೊಟ್ಟ. ಸಮುದ್ರದಲ್ಲಿ ಲೀಟರಿಗೆ ಸುಮಾರು ೧೨೯೦ ಮಿಲಿಗ್ರಾಂ ಇರುವ ಮೆಗ್ನೀಸಿಯಂ ನಮ್ಮ ತೊಟ್ಟಿಯಲ್ಲಿ ೧೦೭೦ ಇತ್ತು.

ಇದರ ಅರ್ಥವನ್ನು ತುಸು ಬಿಡಿಸಿ ಹೇಳಬೇಕು. ಸಮುದ್ರದ ನೀರು ತನ್ನ ಅಳವಿಗೆ ಮೀರಿದಷ್ಟು ಸುಣ್ಣವನ್ನು ಕರಗಿಸಿಕೊಂಡಿದೆ. ಲೆಕ್ಕದ ಪ್ರಕಾರ ಅದರಲ್ಲಿ ಒಂದಷ್ಟು ಕಲ್ಲಾಗಿ ತಳಕ್ಕಿಳಿಯಬೇಕು. ಹಾಗೆ ಇಳಿಯದಂತೆ ತಡೆಯುವವುಗಳಲ್ಲಿ ಮುಖ್ಯವಾದುದು ಮೆಗ್ನೀಸಿಯಂ. ಅದು ಕಾರ್ಬೊನೇಟಿನ ಒಂದು ಪಾಲನ್ನು ಸಡಿಲವಾಗಿ ಹಿಡಿದುಕೊಂಡಿರುತ್ತದೆ. ಎಲ್ಲಾದರೂ ಸುಣ್ಣದ ಹರಳು ಮೊಳೆಯತೊಡಗಿದರೆ ಅದರ ಮೈಮೇಲೆ ಹೋಗಿ ಕುಳಿತುಕೊಳ್ಳುತ್ತದೆ. ಅಳತೆ ಹೊಂದದ ಇಟ್ಟಿಗೆಯೊಂದು ಗೋಡೆಯ ಸಾಲಿಗೆ ಸೇರಿದಂತಾಗಿ ಮುಂದಿನ ಸಾಲು ಏಳುವುದಿಲ್ಲ. ಹರಳು ಅಲ್ಲಿಗೇ ನಿಲ್ಲುತ್ತದೆ. ಈ ಅಡ್ಡಿಯನ್ನು ದಾಟಿ ಕಲ್ಲು ಕಟ್ಟುವ ಶಕ್ತಿ ಹವಳದಂಥ ಜೀವಕ್ಕಿದೆ, ಬಿಸಿಯ ಕಡ್ಡಿಗಿಲ್ಲ. ಮೆಗ್ನೀಸಿಯಂ ಇರುವಷ್ಟು ದಿನ ಕಲ್ಲು ಹವಳದಲ್ಲಿ ಬೆಳೆಯುತ್ತದೆ. ಅದು ಕಡಿಮೆಯಾದರೆ ಕಲ್ಲು ಎಲ್ಲೆಂದರಲ್ಲಿ ಬೀಳುತ್ತದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಮುದುಕರಿಗೆ ನಿದ್ದೆ ಬಾರದಿರುವುದಕ್ಕೆ ತತ್ತ್ವಜ್ಞಾನ ಕಾರಣವಾಗಬೇಕಿಲ್ಲ. ಆದರೂ ಒಂದು ಪ್ರಶ್ನೆ ಕಾಡುತ್ತಿತ್ತು. ಇಷ್ಟು ದಿನ ಮೆಗ್ನೀಸಿಯಂ ಮಾಡಿದ್ದೇನು? ಹವಳದ ಕಲ್ಲಿನಲ್ಲಿ ಅದರ ಪಾಲು ಅತ್ಯಲ್ಪ. ತೊಟ್ಟಿಯಲ್ಲಿ ಬೆರಳಿಟ್ಟು "ಇದು ಮೆಗ್ನೀಸಿಯಮ್ಮಿನ ಕೆಲಸ" ಎಂದು ತೋರಿಸುವಂಥದು ಒಂದೂ ಇಲ್ಲ. ಆಗಬಾರದ್ದು ಆಗದಂತೆ ಇರಗೊಟ್ಟಿತು, ಅಷ್ಟೆ. ಆದದ್ದಕ್ಕೆ ನಾವು ಕೃತಜ್ಞರಾಗುತ್ತೇವೆ. ಆಗದೆ ಹೋದುದಕ್ಕೆ ಯಾರಿಗೆ ಕೃತಜ್ಞರಾಗುವುದು? ಹೇಗೆ ತಿಳಿಯುವುದು?

ನನ್ನ ತೋಳಿನ ಮೇಲೆ ಸಿಡುಬಿನ ದೇವಿ ಹಾಕಿಸಿಕೊಂಡ ಗುರುತಿದೆ. ಹಾಕಿದವನು ಬಿಸಿಲಿನಲ್ಲಿ ಸೈಕಲ್ಲು ತುಳಿದು ಬಂದವನೆಂಬುದಷ್ಟೇ ನೆನಪು; ಹೆಸರು ಕೇಳಿದವರಿಲ್ಲ. ಅವನನ್ನು ಕಂಡು ನಾವು ಹುಡುಗರು ಹಿತ್ತಲಿಗೆ ಓಡುತ್ತಿದ್ದೆವು. ೧೯೮೦ರಲ್ಲಿ ಸಿಡುಬು ಲೋಕದಿಂದಲೇ ನಿರ್ಮೂಲವಾಯಿತೆಂದು ಸಾರಿದರು. ರೋಗ ವಾಸಿಮಾಡಿದ ವೈದ್ಯನಿಗೆ ಹಣ್ಣುಕಾಯಿ ಕೊಟ್ಟು ನಮಸ್ಕರಿಸುವ ನಾವು, ಬಾರದೆ ಹೋದ ರೋಗಕ್ಕಾಗಿ ಆ ಸೈಕಲ್ಲಿನವನಿಗೆ ಏನು ಕೊಟ್ಟೆವು?

ಇಷ್ಟು ದೂರ ಹೋಗಬೇಕಾಗಿರಲಿಲ್ಲ. ನಿಜವಾಗಿ ನಾನು ಯೋಚಿಸುತ್ತಿದ್ದುದು ನನ್ನ ಹೆಂಡತಿಯನ್ನು ಕುರಿತು. ಅವಳು ತೀರಿಕೊಂಡು ಮೂರು ವರ್ಷವಾಯಿತು.

ಮಗ ವಿದೇಶಕ್ಕೆ ಹೋದ ದಿನದಿಂದ ಭಾನುವಾರದ ಟೆಲಿಫೋನು ಅವಳ ಕೈಯಲ್ಲಿರುತ್ತಿತ್ತು. ನಾನು ಆರಾಮಕುರ್ಚಿಯಲ್ಲಿ ಕುಳಿತು, ಹೇಳಬೇಕಾದ್ದನ್ನು ಅವಳ ಮೂಲಕ ಹೇಳುತ್ತಿದ್ದೆ. "ಇದ್ದ ಕೆಲಸ ಬಿಟ್ಟು ಇನ್ನೊಂದು ಹಿಡಿಯುವ ಚಪಲ ಅವನಿಗೆ ಯಾವಾಗ ಬಿಡುತ್ತದೆಯಂತೆ, ಕೇಳು" ಎನ್ನುತ್ತಿದ್ದೆ. ಅವಳು, "ಹೊಸ ಕೆಲಸದಲ್ಲಿ ಊಟಕ್ಕೆ ಸಮಯ ಸಿಗುತ್ತದೋ ಅಂತ ಅಪ್ಪ ಕೇಳುತ್ತಾರೆ" ಎನ್ನುತ್ತಿದ್ದಳು. ಆ ಕಡೆಯಿಂದ ಅವನು ಏನನ್ನುತ್ತಿದ್ದನೋ! ನನಗೆ ತಲಪುತ್ತಿದ್ದುದು, "ನಿಮ್ಮ ಮಂಡಿನೋವು ಹೇಗಿದೆ ಅಂತ ಕೇಳಿದ" ಎಂದು. ಆಡಿದ ಮಾತನ್ನು ಆಡಿದಂತೆ ದಾಟಿಸಲು ಬಾರದ ಹೆಂಗಸು ಎಂದು ನಾನು ಸಿಡುಕುತ್ತಿದ್ದೆ. ವಿಜ್ಞಾನದ ಮೇಷ್ಟರಲ್ಲವೆ? ಸತ್ಯವನ್ನು ಇದ್ದಂತೆ ಹೇಳುವುದು ನನ್ನ ವ್ರತವೆಂದು ಬೀಗುತ್ತಿದ್ದೆ.

ಅವಳು ಹೋದ ಮೇಲೆ ತಂದೆಮಗ ನೇರವಾಗಿ ಮಾತಾಡತೊಡಗಿದೆವು. ಊರಿನ ಮನೆ ಮಾರುವ ವಿಷಯ ಬಂತು. ನನಗೆ ಅವನ ಮೇಲೆ ಪ್ರೀತಿಯಿಲ್ಲದಿರಲಿಲ್ಲ. ಅವನಿಗೂ ನನ್ನ ಮೇಲೆ ಇತ್ತು. ಕಡಿಮೆಯಾದದ್ದು ಅದೇ ಎಂದು ಭಾವಿಸಿ ಇಬ್ಬರೂ ಅದನ್ನೇ ಹೆಚ್ಚುಹೆಚ್ಚಾಗಿ ಸುರಿದೆವು. ನಾನು ಬುದ್ಧಿಮಾತು ಹೆಚ್ಚಿಸಿದೆ. ಅವನು ಹಣ ಕಳಿಸುವುದನ್ನೂ ವಾರಕ್ಕೆ ಮೂರು ಬಾರಿ ಫೋನು ಮಾಡುವುದನ್ನೂ ಹೆಚ್ಚಿಸಿದ. ಹಾಕಿದ್ದೆಲ್ಲ ಕಲ್ಲಾಯಿತು. ಎಲ್ಲಿ ಬಿಸಿಯಿತ್ತೋ ಅಲ್ಲೇ ಹೋಗಿ ಕುಳಿತಿತು.

ಇಲ್ಲೊಂದು ಆಕ್ಷೇಪಣೆಯಿದೆ, ಅದು ನನ್ನ ಹಳೆಯ ಆಕ್ಷೇಪಣೆಯೇ. ಮಾತನ್ನು ಹಾಗೆ ತಿರುಗಿಸಿ ಹೇಳುವುದು ಸುಳ್ಳಲ್ಲವೆ? ಎದುರೆದುರು ಬರಬೇಕಾದ ಇಬ್ಬರನ್ನು ಬರಗೊಡದೆ ನಡುವೆ ನಿಲ್ಲುವವರು ಜಗಳವನ್ನು ಮುಂದೂಡುತ್ತಾರೆಯೇ ಹೊರತು ತೀರಿಸುವುದಿಲ್ಲ ಎನ್ನಬಹುದು. ಸುಳ್ಳು ಸುಳ್ಳೇ, ಹೆಂಡತಿಯದೆಂದು ಅದಕ್ಕೆ ಬೇರೆ ಹೆಸರಿಡಲಾರೆ. ಆದರೆ ತೊಟ್ಟಿ ನನಗೊಂದು ವ್ಯತ್ಯಾಸವನ್ನು ಕಲಿಸಿತು. ಮೆಗ್ನೀಸಿಯಂ ಕ್ಯಾಲ್ಸಿಯಮ್ಮನ್ನೂ ಕಾರ್ಬೊನೇಟನ್ನೂ ಶಾಶ್ವತವಾಗಿ ಅಗಲಿಸುವುದಿಲ್ಲ. ಅಗಲಿಸಿದ್ದರೆ ಹವಳಕ್ಕೆ ಮನೆಯೇ ಇರುತ್ತಿರಲಿಲ್ಲ. ಜೀವವಿರುವ ಒಂದು ಸ್ಥಳ ಸಿಕ್ಕುವವರೆಗೆ ತಡೆದಿರುತ್ತದೆ. ಅವಳೂ ಎಲ್ಲವನ್ನೂ ಮುಚ್ಚಿಡುತ್ತಿರಲಿಲ್ಲ. ನನ್ನ ಕಣ್ಣಿನ ಶಸ್ತ್ರಕ್ರಿಯೆಯ ಸಂಗತಿಯನ್ನು, ನಾನು ಬೇಡವೆಂದರೂ, ಇದ್ದದ್ದು ಇದ್ದಂತೆ ಮಗನಿಗೆ ತಿಳಿಸಿದ್ದಳು. ಅವನು ಬಂದು ಹದಿನೈದು ದಿನ ನನ್ನ ಬಳಿಯಿದ್ದ. ಯಾವ ಮಾತು ಯಾವಾಗ ತಲಪಿದರೆ ಅದರಿಂದ ಏನಾದರೂ ಬೆಳೆಯುತ್ತದೆಂದು ಅವಳಿಗೆ ಗೊತ್ತಿತ್ತು. ಸತ್ಯಕ್ಕೆ ಹೊತ್ತಿನ ಅರಿವೂ ಸೇರಿದೆಯೆಂದು ನಾನು ಕಲಿಸಿದ ಪಾಠಪುಸ್ತಕದಲ್ಲಿ ಇರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಸತ್ತವರನ್ನು ಹೊಗಳುವ ಲೇಖನವಾಗಿ ನನಗೂ ನೆಮ್ಮದಿಯಾಗುತ್ತಿತ್ತು. ತೊಟ್ಟಿ ಅಷ್ಟಕ್ಕೆ ಬಿಡಲಿಲ್ಲ. ೧೨೯೦ ಇದ್ದದ್ದು ೧೦೭೦ ಆದದ್ದು ಹೇಗೆ? ತೊಟ್ಟಿಯ ಕಲ್ಲುಗಳ ಮೇಲೆಲ್ಲ ಗುಲಾಬಿ ಬಣ್ಣದ ಗಟ್ಟಿ ಪಾಚಿಯೊಂದು ಹರಡಿತ್ತು. ಅದು ಬಂದದ್ದು ಆರೋಗ್ಯದ ಲಕ್ಷಣವೆಂದು ಮಗ ನೆಂಟರಿಗೆಲ್ಲ ಅದನ್ನು ತೋರಿಸುತ್ತಿದ್ದ. ಆ ಪಾಚಿ ತನ್ನ ಸುಣ್ಣದಲ್ಲಿ ಮೆಗ್ನೀಸಿಯಮ್ಮನ್ನು ಧಾರಾಳವಾಗಿ ಸೇರಿಸಿಕೊಳ್ಳುತ್ತದೆ. ಹವಳವೂ ಒಂದಿಷ್ಟು ತೆಗೆದುಕೊಳ್ಳುತ್ತದೆ. ತಡೆಯುವುದೇ ಕೆಲಸವಾಗಿದ್ದ ಆ ವಸ್ತು ದಿನದಿನವೂ ತುಸುತುಸುವೇ ಖರ್ಚಾಗುತ್ತಿತ್ತು. ದೊಡ್ಡ ಕಡಲಿನಲ್ಲಿ ಈ ಖರ್ಚು ತಿಳಿಯುವುದಿಲ್ಲ. ಮನೆಯ ತೊಟ್ಟಿಯಲ್ಲಿ ತಿಳಿಯುತ್ತದೆ. ಆದರೆ ಅಳೆದವರಿಗೆ ಮಾತ್ರ. ನಾವು ಭಾನುವಾರ ಭಾನುವಾರವೂ ಅಳೆದದ್ದು ಕ್ಯಾಲ್ಸಿಯಮ್ಮನ್ನು.

ಕೊನೆಯ ವರ್ಷಗಳಲ್ಲಿ ಭಾನುವಾರ ಸಂಜೆ ಅವಳಿಗೆ ತಲೆನೋವು ಬರುತ್ತಿತ್ತು. ಫೋನು ಕೆಳಗಿಟ್ಟು ಒಳಗೆ ಹೋಗಿ ದೀಪ ಹಾಕದೆ ಮಲಗುತ್ತಿದ್ದಳು. "ಸೆಕೆ" ಎನ್ನುತ್ತಿದ್ದಳು, ನಾನೂ ಸೆಕೆಯೆಂದೇ ನಂಬಿದೆ. ಆ ತಲೆನೋವಿಗೂ ಅವಳ ಸಾವಿಗೂ ಸಂಬಂಧವಿತ್ತೆಂದು ನಾನು ಹೇಳುತ್ತಿಲ್ಲ, ಇರಲಿಲ್ಲ. ನನ್ನ ಮನಸ್ಸಿಗೆ ಚುಚ್ಚುವುದು ಇಷ್ಟೇ. ಮಗನ ಕ್ಷೇಮ ಕೇಳಿದೆ, ನನ್ನ ಮಂಡಿಯ ಕ್ಷೇಮವನ್ನು ಅವನು ಕೇಳಿದ. ನಡುವೆ ನಿಂತವಳ ಮಟ್ಟ ಎಷ್ಟಕ್ಕೆ ಇಳಿದಿದೆಯೆಂದು ಇಬ್ಬರಲ್ಲಿ ಒಬ್ಬರೂ ಅಳೆಯಲಿಲ್ಲ. "ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ" ಎಂದು ಗಾದೆ ಹೇಳುತ್ತೇವೆ. ಹೊಗಳಿಕೆ ಸಲ್ಲಿಸಿದರೆ ಋಣ ತೀರಿತೆಂದು ತಿಳಿಯುತ್ತೇವೆ. ತಡೆದು ನಿಲ್ಲುವವರಿಗೆ ಬೇಕಾದದ್ದು ಹೊಗಳಿಕೆಯಲ್ಲ; ಖರ್ಚಾದಷ್ಟನ್ನು ತುಂಬಿಕೊಡುವುದು. ನನ್ನ ಪ್ರಶ್ನೆಗೆ ನನಗೆ ದೊರೆತ ಉತ್ತರ ಇದೊಂದೇ. ದೊರೆಯುವಾಗ ತಡವಾಗಿತ್ತು.

ಮರುದಿನ ತಂದೆಮಗ ಕೂಡಿ ಲೆಕ್ಕ ಹಾಕಿದೆವು. ಲೀಟರಿಗೆ ೨೨೦ ಮಿಲಿಗ್ರಾಂ ಕೊರತೆ. ಮುನ್ನೂರು ಲೀಟರಿಗೆ ೬೬ ಗ್ರಾಂ ಮೆಗ್ನೀಸಿಯಂ. ಹತ್ತು ಪಾಲು ಮೆಗ್ನೀಸಿಯಂ ಕ್ಲೋರೈಡಿಗೆ ಒಂದು ಪಾಲು ಎಪ್ಸಂ ಉಪ್ಪು ಬೆರೆಸಿದರೆ ಒಟ್ಟು ೫೬೦ ಗ್ರಾಂ ಉಪ್ಪು ಬೇಕು. ಬರಿಯ ಎಪ್ಸಂ ಉಪ್ಪನ್ನೇ ಹಾಕಿದರೆ ನೀರಿನಲ್ಲಿ ಸಲ್ಫೇಟು ಕೂಡಿಕೊಳ್ಳುತ್ತ ಹೋಗುತ್ತದೆ. ಎಪ್ಸಂ ಉಪ್ಪು ನನಗೆ ಹಳೆಯ ಪರಿಚಯ. ಚಿಕ್ಕಂದಿನಲ್ಲಿ ಮೂಗು ಹಿಡಿದು ಕುಡಿಸುತ್ತಿದ್ದ ಭೇದಿಯ ಔಷಧ ಅದು. ಕ್ಲೋರೈಡಿನ ಪರಿಚಯ ಅದಕ್ಕಿಂತ ಹಳೆಯದು. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಗದ್ದೆಗಳಲ್ಲಿ ಉಪ್ಪು ಹರಳುಗಟ್ಟಿದ ಮೇಲೆ ಉಳಿಯುವ ಕಹಿನೀರಿನಲ್ಲಿರುವುದು ಅದೇ; ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪಿನ ಭರಣಿ ಬೆವರುವುದಕ್ಕೂ ಅದೇ ಕಾರಣ. ನಾಲಿಗೆಗಿಟ್ಟರೆ ಎರಡೂ ಕಹಿ. ಗಾದೆ ಕಟ್ಟಿದವರು ಈ ಉಪ್ಪುಗಳನ್ನು ಎಣಿಸಿರಲಿಕ್ಕಿಲ್ಲ.

ಒಮ್ಮೆಗೇ ಸುರಿಯಲು ನಾನು ಹೊರಟಿದ್ದೆ. ಮಗ ತಡೆದ. ಬಹಳ ದಿನಗಳಲ್ಲಿ ಇಳಿದದ್ದನ್ನು ಒಂದೇ ದಿನದಲ್ಲಿ ಏರಿಸಿದರೆ ಹವಳಕ್ಕೆ ಆಘಾತವಾದೀತು, ಅತಿಯಾದರೂ ಒಳ್ಳೆಯದಲ್ಲ. ದಿನಕ್ಕೆ ೧೧೨ ಗ್ರಾಮಿನಂತೆ ಐದು ದಿನ, ಶುದ್ಧ ನೀರಿನಲ್ಲಿ ಕರಗಿಸಿ, ಪಂಪಿನ ಸೆಳೆತವಿರುವ ಕಡೆ ಸಣ್ಣಧಾರೆಯಾಗಿ ಬಿಡಬೇಕು. ತಪ್ಪಿಗೆ ಪ್ರಾಯಶ್ಚಿತ್ತವನ್ನು ಒಂದೇ ಉಸಿರಿನಲ್ಲಿ ಮುಗಿಸಿ ಕೈತೊಳೆದುಕೊಳ್ಳುವ ಆತುರ ನನ್ನಂಥವರಿಗೆ ಇರುತ್ತದೆ. ಆ ಆತುರವೂ ಒಂದು ಬಗೆಯ ಸ್ವಾರ್ಥವೇ.

ದಿನವೂ ಸಂಜೆ ನಾನು ತೂಗುತ್ತಿದ್ದೆ, ಅವನು ಕಲಕುತ್ತಿದ್ದ. ಆರನೆಯ ದಿನ ಅಳೆದಾಗ ೧೨೯೦ಕ್ಕೆ ಹತ್ತಿರ ಬಂದಿತ್ತು. ಆಮೇಲೆ ಹಾಕಿದ ಕ್ಯಾಲ್ಸಿಯಂ ನೀರಿನಲ್ಲೇ ನಿಂತಿತು. ಒರಸಿಟ್ಟ ಬಿಸಿಯ ಕಡ್ಡಿ ಒಂದು ತಿಂಗಳಾದರೂ ಕರಿಯದಾಗಿಯೇ ಇತ್ತು.

ಅದಕ್ಕೂ ಮೊದಲು, ಮೂರನೆಯ ದಿನವೆಂದು ತೋರುತ್ತದೆ, ಧಾರೆ ಬಿಡುತ್ತಿದ್ದಾಗ ಮಗ ತಲೆಯೆತ್ತದೆ, "ಊರಿನ ಮನೆಯ ವಿಷಯ ಏನು ಯೋಚನೆ ಮಾಡಿದಿರಿ?" ಎಂದ. ಉತ್ತರ ನನ್ನ ನಾಲಿಗೆಯ ತುದಿಯಲ್ಲಿ ಮೂರು ವರ್ಷದಿಂದ ಸಿದ್ಧವಾಗಿತ್ತು. ಜಗ್ಗು ಇನ್ನೂ ಅರ್ಧ ತುಂಬಿತ್ತು. ಅದು ಬರಿದಾಗುವವರೆಗೆ ಸುಮ್ಮನಿದ್ದೆ. ಆಮೇಲೆ, "ನಿನಗೆ ಊಟವಾಯಿತೇ?" ಎಂದೆ. ಅವನು ನನ್ನ ಮುಖ ನೋಡಿದ. ಆ ಮಾತು ಯಾರದೆಂದು ಇಬ್ಬರಿಗೂ ತಿಳಿಯಿತು. ಮನೆಯ ಮಾತನ್ನು ಮರುವಾರ ಆಡಿದೆವು, ಮೆಲ್ಲಗೆ. ಅದು ಇನ್ನೂ ತೀರ್ಮಾನವಾಗಿಲ್ಲ.

ಆ ಸಂಜೆ ನಾವು ಜಗಳವಾಡಲಿಲ್ಲ. ಆಗದೆ ಹೋದ ಜಗಳವನ್ನು ಬೇರೆ ಯಾರೂ ಬರೆದಿಡುವುದಿಲ್ಲವಾದ್ದರಿಂದ ನಾನು ಇಲ್ಲಿ ಬರೆದಿಟ್ಟಿದ್ದೇನೆ.